ಬೀಗ ಹಾಕಿದ ಹನ್ನೆರಡು ಮನೆಗಳು

ಮಹಡಿಯ ಕೋಣೆ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಣ್ಣಾ,

ಮೂರು ತಿಂಗಳಿಂದ ನಿನ್ನ ಕಚೇರಿಗೆ ಸುಳ್ಳು ಉತ್ತರ ಕಳಿಸುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದು ಬರೆಯಲು ಧೈರ್ಯ ಬರುತ್ತದೆ. ನಿನ್ನ ಬೆನ್ನುನೋವು ಹೇಗಿದೆ? ಅತ್ತಿಗೆ ಹೇಳಿದಂತೆ ಗಂಟೆಗೊಮ್ಮೆ ಕುರ್ಚಿಯಿಂದ ಏಳುತ್ತಿದ್ದೀಯಾ? ಅಮ್ಮ ಚೆನ್ನಾಗಿದ್ದಾಳೆ. ನನ್ನ ಸವೆದ ಚಪ್ಪಲಿಯನ್ನು ಪಕ್ಕದ ಮನೆಯವರಿಗೆ ತೋರಿಸಿ, "ನಮ್ಮ ಹುಡುಗಿ ಸರ್ಕಾರದ ಕೆಲಸಕ್ಕೆ ಎಷ್ಟು ಓಡಾಡ್ತಾಳೆ ನೋಡಿ" ಅನ್ನುತ್ತಾಳೆ. ನಾನು ನೆಲ ನೋಡುತ್ತೇನೆ.

ಹತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟವಳಿಗೆ ನೀನೇ ಯಾರ‍್ಯಾರನ್ನೋ ಕೇಳಿಕೊಂಡು ಕೊಡಿಸಿದ ಕೆಲಸ ಇದು. ಪ್ರತಿ ತಿಂಗಳು ಅದೇ ನಲವತ್ತು ಮನೆಗಳ ಬಾಗಿಲು ತಟ್ಟಿ, ಹೋದ ವಾರ ಯಾರು ಕೆಲಸ ಮಾಡಿದರು, ಯಾರು ಹುಡುಕುತ್ತಿದ್ದಾರೆ ಎಂದು ಕೇಳಿ ಬರೆಯುವುದು. ಆ ಉತ್ತರಗಳಿಂದ ನೀನು ತಿಂಗಳಿಂದ ತಿಂಗಳಿಗೆ ಗೆರೆ ಎಳೆದು, ದೇಶದಲ್ಲಿ ಮುಂದೆ ಎಷ್ಟು ಜನ ಕೆಲಸವಿಲ್ಲದೆ ಇರುತ್ತಾರೆಂದು ಅಂದಾಜು ಮಾಡುತ್ತೀಯ. "ನಿನ್ನ ಒಂದೊಂದು ಮನೇನೂ ಸಾವಿರ ಮನೆ ಪರವಾಗಿ ಮಾತಾಡುತ್ತೆ ಕಣೇ" ಎಂದು ನೀನು ಹೇಳಿದ್ದೆ. ಮೂರು ತಿಂಗಳ ಹಿಂದೆ ಹೋದಾಗ ಕೊನೆಯ ಕಟ್ಟಡದ ಹನ್ನೆರಡು ಮನೆಗಳಿಗೆ ಬೀಗ ಇತ್ತು. ಅಂಗಿ ಹೊಲಿಯುವ ಕಾರ್ಖಾನೆಯವರು, ಕೆಲಸಕ್ಕೆ ಹೋಗಿದ್ದಾರೆ ಅಂದುಕೊಂಡೆ. ಸಂಜೆ ಮತ್ತೆ ನಾಲ್ಕು ಮಹಡಿ ಹತ್ತಲು ಸೋಮಾರಿತನ. ಹಿಂದಿನ ತಿಂಗಳ ಉತ್ತರವನ್ನೇ ಇಳಿಸಿದೆ. ಮೂರು ಸಲ. ಪರೀಕ್ಷೆಯಲ್ಲಿ ನಕಲು ಮಾಡಲಾರೆನೆಂದು ಖಾಲಿ ಹಾಳೆ ಕೊಟ್ಟು ಬಂದವಳು ನಾನು, ಅಣ್ಣಾ.

ಭಾನುವಾರ ಫೋನಿನಲ್ಲಿ, "ಎಲ್ಲಾ ಕಡೆ ಗೆರೆ ಕುಣೀತಿದೆ, ನಮ್ಮೂರಲ್ಲಿ ಮಾತ್ರ ಎಷ್ಟು ಚೆಂದ ಕೂತಿದೆ! ಕೆಲಸ ಕಳಕೊಂಡವರ ಪರಿಹಾರ ಅಲ್ಲಿಗೆ ಬೇಕಿಲ್ಲ ಅಂತ ವರದೀಲಿ ಬರೆದಿದ್ದೀನಿ" ಎಂದು ನಗುತ್ತಾ ಹೇಳಿದೆಯಲ್ಲ, ಆಮೇಲೆ ನನಗೆ ಊಟ ಸೇರಲಿಲ್ಲ. ಸಂಜೆಯೇ ಆ ಕಟ್ಟಡಕ್ಕೆ ಓಡಿದೆ. ಬಾಗಿಲು ತೆರೆದ ಟೈಲರ್ ಅಕ್ಕ, "ಕಾರ್ಖಾನೆ ಮುಚ್ಚಿ ಮೂರು ತಿಂಗಳಾಯ್ತಲ್ಲಮ್ಮ. ಬೆಳಗಾದ್ರೆ ಬೀಗ ಹಾಕ್ಕೊಂಡು ಎಲ್ಲರೂ ಕೆಲಸ ಹುಡುಕೋಕೆ ಹೋಗ್ತೀವಿ. ನೀನು ಬರದೇ ಇದ್ದದ್ದು ನೋಡಿ, ಪಾಪ, ನಿನ್ನನ್ನೂ ಕೆಲಸದಿಂದ ತೆಗೆದ್ರೇನೋ ಅಂತ ಮರುಗ್ತಿದ್ದೆ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಅತ್ತಿಗೆಗೆ ನಮಸ್ಕಾರ, ಪುಟ್ಟಿಗೆ ಮುತ್ತು. ಬೈಯುವುದನ್ನು ಬಾಕಿ ಇಡಬೇಡ.

ನಿನ್ನ
ಗಿರಗಿಟ್ಲೆ

ಮರೆತೆ: ಆ ಹನ್ನೆರಡು ಮನೆಗಳ ನಿಜವಾದ ಉತ್ತರ, ಮೂರು ತಿಂಗಳದ್ದೂ, ಕೇಳಿ ಬರೆದುಕೊಂಡಿದ್ದೇನೆ. ಶುಕ್ರವಾರ ವರದಿ ಹೊರಬೀಳುವ ಮುಂಚೆ ನಿನ್ನ ಸಾಹೇಬರ ಎದುರು ನಾನೇ ನಿಂತು ಹೇಳುತ್ತೇನೆ. ನಿನಗೇನೂ ಗೊತ್ತಿರಲಿಲ್ಲ ಎಂಬುದನ್ನೂ ಹೇಳುತ್ತೇನೆ. ನಿನ್ನ ಮುಖ ನೋಡಿ ಬಾಯಿ ಕಟ್ಟಿದರೆ ಈ ಕಾಗದವನ್ನು ನಿನ್ನ ಕೈಗಿಡುತ್ತೇನೆ. ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ನಿನ್ನಲ್ಲಿಗೆ ಹೊರಡುತ್ತೇನೆ.