ನೀವು ಎಣಿಸಿದ ಹನ್ನೊಂದು

ಅಪ್ಪಾ,

ನೀವಿದ್ದಿದ್ದರೆ ಇದನ್ನು ಫೋನಿನಲ್ಲೇ ಹೇಳುತ್ತಿದ್ದೆ. ಹೇಳುತ್ತಿದ್ದೆನೋ ಏನೋ.

ಇವತ್ತು ನಾನು ಪಾಠ ಮಾಡುವ ಪ್ರವೇಶ ಪರೀಕ್ಷೆಯ ಕ್ಲಾಸಿನಲ್ಲಿ ಆ ಹಳೆಯ ಲೆಕ್ಕವೇ ಬಂತು. ಎರಡು ದಾಳ ಒಟ್ಟಿಗೆ ಎಸೆದರೆ, ಒಂದರಲ್ಲಾದರೂ ನಾಲ್ಕು ಬೀಳುವ ಸಂಭವ ಎಷ್ಟು? ಆರಕ್ಕೆ ಆರು ಕೂಡಿಸಿ, "ಮೂವತ್ತಾರರಲ್ಲಿ ಹನ್ನೆರಡು" ಎಂದು ಎಲ್ಲರೂ ಒಂದೇ ಉಸಿರಿಗೆ ಕೂಗಿದರು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಮೂವತ್ತಾರು ಮನೆ ಬರೆದು ಒಂದೊಂದಾಗಿ ಗುರುತು ಹಾಕುತ್ತಿದ್ದಳು.

"ಹನ್ನೊಂದೇ ಬರ್ತಿದೆ ಮಿಸ್. ನಾಲ್ಕು-ನಾಲ್ಕು ಇರೋ ಮನೆ ಒಂದೇ ಅಲ್ವಾ? ಅದನ್ನ ಎರಡು ಸಲ ಹೇಗೆ ಎಣಿಸೋದು?"

"ಅಷ್ಟೊತ್ತಿಗೆ ಪರೀಕ್ಷೆನೇ ಮುಗಿದಿರುತ್ತೆ ಕಣೇ," ಎಂದು ಪಕ್ಕದವಳು ನಕ್ಕಳು.

ನನಗೆ ನಗು ಬರಲಿಲ್ಲ. ನಾನು ಓದುತ್ತಿದ್ದಾಗ ಒಂದು ಸಂಜೆ ಇದೇ ಲೆಕ್ಕಕ್ಕೆ ನೀವು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಹೀಗೇ ಮನೆ ಎಳೆದಿದ್ದಿರಿ. ಗಿರಾಕಿಯನ್ನು ಕಾಯಿಸಿ, ಬೆರಳಿಟ್ಟು ಎಣಿಸಿ, "ಹನ್ನೊಂದು ಕಣಮ್ಮ. ಬೇಕಾದ್ರೆ ಇನ್ನೊಂದ್ಸಲ ಎಣಿಸ್ತೀನಿ" ಅಂದಿರಿ. ಹನ್ನೆರಡು ಎಂದು ಬರೆದಿದ್ದ ನಾನು ಮೂಗು ಮುರಿದು, "ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೋರಿಗೆ ಇದೆಲ್ಲ ತಿಳಿಯಲ್ಲ, ಬಿಡಿ ಅಪ್ಪ" ಅಂದೆ. ನೀವು ಅಂಗೈಯಿಂದ ಮೇಜು ಒರೆಸಿ ಬಟ್ಟೆ ಹಾಸಿದಿರಿ. ಆಮೇಲೆ ಯಾವ ಲೆಕ್ಕಕ್ಕೂ ನನ್ನ ಪಕ್ಕ ಬಂದು ಕೂರಲಿಲ್ಲ.

ಇವತ್ತು ಆ ಹುಡುಗಿಯನ್ನು ಬೋರ್ಡಿಗೆ ಕರೆದು ಸೀಮೆಸುಣ್ಣ ಕೊಟ್ಟೆ. "ನಿಧಾನವಾಗಿ ಬರಿ, ನಾವೆಲ್ಲ ಕಾಯ್ತೀವಿ" ಅಂದೆ. ಇಡೀ ಕ್ಲಾಸು ಅವಳ ಜೊತೆ ಎಣಿಸಿತು.

ಹನ್ನೊಂದೇ, ಅಪ್ಪ. ನನಗದು ಆ ಸಂಜೆಯೇ ಗೊತ್ತಾಗಿತ್ತು. ಪುಸ್ತಕದ ಹಿಂದೆ ಉತ್ತರ ಇತ್ತು. ನೀವು ಹೊಲಿಯುತ್ತಿದ್ದಿರಿ. ಮೆಷಿನ್ನು ನಿಂತ ಮೇಲೆ ಹೇಳೋಣ ಅಂದುಕೊಂಡೆ.