ಹೊಸ ಕಾಯಿ ಬೆಂದ ದಿನ

ಅತ್ತೆ,

ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ. ಬದುಕಿದ್ದಾಗಲೂ ಮಾಡಬಾರದು, ಸತ್ತ ಮೇಲೂ ಮಾಡಬಾರದು ಅಂದರೆ ಸೊಸೆಯಾದವಳು ಯಾವಾಗ ಮಾಡಬೇಕು, ನೀವೇ ಹೇಳಿ.

ಮೊನ್ನೆ ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಬದನೆಕಾಯಿ ಕೊಯ್ಯುತ್ತಿದ್ದೆ. ನೀವೇ ಎತ್ತಿಟ್ಟಿದ್ದ ಬೀಜದ ಗಿಡಗಳು. ಮೈತುಂಬ ಕಾಯಿ ಬಿಟ್ಟಿದ್ದವು, ನೋಡಿ ಮೈ ಉರಿಯಿತು. ನಾದಿನಿ ಸುಜಾತ ರಜಕ್ಕೆ ಮಕ್ಕಳನ್ನು ಕರೆದುಕೊಂಡು ಬಂದಿದ್ದಾಳೆ. ಎಂದಿನಂತೆ ಎಲ್ಲರೂ ಕಳ್ಳಂಬೆಳ್ಳದ ಕೆರೆಗೆ ಹೊರಡುವುದು, ಎಂದಿನಂತೆ ಅವತ್ತೇ ಹಿತ್ತಲಿನ ಮೊದಲ ಕಾಯಿ ಕೊಯ್ದು ಬುತ್ತಿ ಕಟ್ಟುವುದು. ಹೊಸ ಕಾಯಿ ಬೆಂದ ದಿನ ಮನೆಗೆ ಬೀಗ ಬೀಳಬಾರದು ಅನ್ನುವುದು ನಮ್ಮ ಮನೆಯ ಪದ್ಧತಿ. ಹಿಂದಿನ ದಿನವೇ ಕೊಯ್ದು ಬೇಯಿಸಿದ್ದರೆ ಆಗುತ್ತಿರಲಿಲ್ಲವೇ? ಇಷ್ಟು ವರ್ಷ ಒಬ್ಬರಿಗಾದರೂ ಅದು ಹೊಳೆಯಲಿಲ್ಲವಲ್ಲ.

ಎಣ್ಣೆಗಾಯಿಗೆ ಹುಚ್ಚೆಳ್ಳು ಹುರಿದು, ಹೀರೆಕಾಯಿ ಸಿಪ್ಪೆ ಚಟ್ನಿ ಅರೆದು, ರೊಟ್ಟಿ ತಟ್ಟಿ, ಎಲ್ಲವನ್ನೂ ಆಟೋಗೆ ಏರಿಸಿ, ನೀವು ಮಾತ್ರ ಹೊಸ್ತಿಲಲ್ಲಿ ನಿಲ್ಲುತ್ತಿದ್ದಿರಿ. ನೀರು ಕಂಡರೆ ತಲೆ ಸುತ್ತುತ್ತದೆ ಅನ್ನುತ್ತಿದ್ದಿರಿ. ನಾನೂ ನಂಬಿದ್ದೆ. ಹಾಸಿಗೆ ಹಿಡಿದ ಮೇಲೆ ಒಂದು ದಿನ ನಿಮ್ಮ ತಲೆ ಬಾಚುತ್ತಿದ್ದಾಗ, "ಆ ಕೆರೆ ಏರಿ ಒಂದ್ಸಲಾನೂ ಹತ್ಲಿಲ್ಲ ಕಣಮ್ಮ, ನೋಡ್ಬೇಕಿತ್ತು" ಅಂದಿರಿ. ತಲೆ ಸುತ್ತುತ್ತದೆ ಅನ್ನುತ್ತಿದ್ದಿರಲ್ಲ ಅಂತ ಕೇಳಿದೆ. ನಕ್ಕುಬಿಟ್ಟಿರಿ. "ಮನೇಲಿ ಯಾರಾನ ಇರ್ಬೇಕಲ್ಲ" ಅಂದಿರಿ. ಆ ನಗು ನೆನೆದರೆ ಇವತ್ತಿಗೂ ನನಗೆ... ಆಗ ನಿಮ್ಮನ್ನು ಎತ್ತಿ ಕೂರಿಸುವುದೇ ಕಷ್ಟವಾಗಿತ್ತು. ಆಗ ಹೇಳುವುದೇ?

ಭಾನುವಾರ ಬುತ್ತಿಯೆಲ್ಲ ಆಟೋ ಏರಿದ ಮೇಲೆ ಸುಜಾತ ತಿರುಗಿ ನೋಡಿ ತಣ್ಣಗೆ ಕೇಳಿದಳು. "ಅತ್ಗೆ, ನೀನಿರ್ತೀಯಲ್ಲ? ಅವ್ವ ಇರ್ತಿದ್ಲಲ್ಲ, ಅಂಗೆ." ನಿಮ್ಮ ಮಗ ಪಾತ್ರೆಯ ಮುಚ್ಚಳ ಸರಿಮಾಡುವವನಂತೆ ಬಗ್ಗಿದ. ನಾನು ಒಳಗೆ ಹೋಗಿ ಬೀಗ ಹುಡುಕಿ ತಂದೆ. ಮನೆಗೆ ಒಳ್ಳೆಯದಾಗಲ್ಲ ಅಂತ ಸುಜಾತ ಗೊಣಗಿದಳು. ಹಾಗಾದರೆ ನೀನೇ ಇರು ಅಂದೆ. ಮಕ್ಕಳನ್ನು ಒಳಗೆ ಸರಿಸಿ ಆಟೋ ಹತ್ತಿದಳು.

ಕೆರೆಯಲ್ಲಿ ನೀರು ಇನ್ನೂ ಚೆನ್ನಾಗಿತ್ತು. ಹುಣಸೆ ಮರದ ಕೆಳಗೆ ಬಡಿಸುತ್ತಿದ್ದಾಗ ಮಾವ ಕೇಳಿದರು, ಮನೆಯಲ್ಲಿ ಯಾರಿದ್ದಾರೆ ಅಂತ. ಯಾರೂ ಇಲ್ಲ, ಬೀಗ ಹಾಕಿ ಬಂದಿದ್ದೇನೆ ಅಂದೆ. ಬೈಗುಳಕ್ಕೆ ಸಿದ್ಧಳಾಗಿಯೇ ನಿಂತಿದ್ದೆ. ಅವರು ರೊಟ್ಟಿ ಮುರಿದು ತಿಂದರು. ಇನ್ನೊಂದು ಬದನೆಕಾಯಿ ಹಾಕಿಸಿಕೊಂಡರು. ನೀರಿನ ಕಡೆ ನೋಡುತ್ತಾ, "ಅಂಗಾದ್ರೆ ಅವ್ಳೂ ಬರ್ಬೋದಿತ್ತು" ಅಂದರು.

ಅಷ್ಟೇ ಅತ್ತೆ. ಅಷ್ಟು ಸಲೀಸಾಗಿ ಅಂದುಬಿಟ್ಟರು. ನನಗೆ ಕೈಲಿದ್ದ ಸೌಟನ್ನು ಕೆರೆಗೆ ಎಸೆಯಬೇಕು ಅನ್ನಿಸಿತು. ಈ ಪದ್ಧತಿ ಮಾಡಿದ್ದು ಯಾರು ಮಾವ ಅಂತ ಕೇಳಿದೆ. "ನಂಗೇನ್ ಗೊತ್ತು? ನಮ್ಮವ್ವ ಯೋಳ್ತಿದ್ಲು" ಅಂದರು. ಅಂದರೆ ಒಬ್ಬ ಅತ್ತೆ ಸೊಸೆಗೆ ಹೇಳಿದ್ದು, ಆ ಸೊಸೆ ಜೀವನಪೂರ್ತಿ ಹೊಸ್ತಿಲು ಕಾದದ್ದು. ನೀವು ಒಂದೇ ಒಂದು ಸಲ ನಾನೂ ಬರ್ತೀನಿ ಅಂದಿದ್ದರೆ... ಅವರಾದರೂ ಒಂದು ಸಲ ಬಾ ಅಂದಿದ್ದರೆ...

ಸಂಜೆ ಬಂದು ಬಾಗಿಲು ತೆಗೆದೆ. ಮನೆ ಇದ್ದ ಹಾಗೇ ಇತ್ತು.

ನನ್ನ ಮಗಳೂ ಅವತ್ತು ಬೆಳಿಗ್ಗೆ ಬದನೆಕಾಯಿ ಸೀಳಲು ಕೂತಿದ್ದಳು. ಕೈ ನಿಮ್ಮದೇ. ಮುಂದೊಂದು ದಿನ ಮನೆಗೆ ಸೊಸೆಯೂ ಬರುತ್ತಾಳೆ. ಅವರಿಬ್ಬರಿಗೂ ಈ ಪದ್ಧತಿ ನಾನು ಹೇಳುವುದಿಲ್ಲ. ಅದು ನಿಮ್ಮ ಜೊತೆಗೇ ಹೋಯಿತು ಅಂದುಕೊಳ್ಳಿ. ನಿಮಗಿಂತ ಮೊದಲು ಹೋಗಬೇಕಿತ್ತು ಅದು.