ಆ ಸೊನ್ನೆ ನನ್ನದು

ನನ್ನ ಮೇಷ್ಟ್ರಮ್ಮಾ,

ದಿಂಬುಗಳನ್ನು ಸಾಲಾಗಿ ಕೂರಿಸಿ ಪಾಠ ಹೇಳುತ್ತಿದ್ದ ವಯಸ್ಸಿನಿಂದ ನಿನ್ನನ್ನು ಹೀಗೇ ಕರೆದವನು ಈ ಸೋದರಮಾವ. ಇವತ್ತು ಹಾಗೆ ಬರೆಯಲು ಕೈ ಹಿಂಜರಿಯುತ್ತಿದೆ.

ಹೋದ ವರ್ಷ ನಿನಗೆ ಜ್ವರ ಏರಿದ ಮಧ್ಯಾಹ್ನ ನೆನಪಿದೆಯಾ? ಸಮಾಜ ವಿಜ್ಞಾನದ ಹನ್ನೊಂದು ಉತ್ತರಪತ್ರಿಕೆ ತಿದ್ದುವುದು ಬಾಕಿ, ಸಂಜೆಯೊಳಗೆ ಅಂಕಪಟ್ಟಿ ಕೊಡಬೇಕು. ನೀನು ಕೂತಲ್ಲೇ ಒರಗಿ ನಿದ್ದೆಹೋದೆ. ನಾನು ಕೆಂಪು ಪೆನ್ನು ಹಿಡಿದೆ. ಮಾದರಿ ಉತ್ತರ ಪಕ್ಕದಲ್ಲೇ ಇತ್ತಲ್ಲ; ಅಳತೆ ನೋಡಿ ಬಟ್ಟೆ ಕತ್ತರಿಸುವ ದರ್ಜಿಗೆ ಇದೇನು ಮಹಾ ಅಂದುಕೊಂಡೆ. ಶಾಲೆಯ ಮೆಟ್ಟಿಲು ನೆಟ್ಟಗೆ ಹತ್ತದವನಿಗೆ ಆ ಪೆನ್ನು ಹತ್ತಿಸಿದ ಜಂಬ ಏನು ಹೇಳಲಿ! ನೀನು ಎದ್ದಾಗ, "ಎಲ್ಲಾ ಮುಗಿಸೇ ಮಲಗಿದ್ಯಲ್ಲೇ" ಅಂದುಬಿಟ್ಟೆ. ನೀನು ನಂಬಿಬಿಟ್ಟೆ.

ಪುರಸಭೆಯ ನಾಲ್ಕು ಕೆಲಸ ಬರೆಯಿರಿ ಅಂತ ಪ್ರಶ್ನೆ. ಇಸ್ತ್ರಿ ಅಂಗಡಿಯವನ ಮಗಳು ನಾಲ್ಕು ಬರೆದಿರಲಿಲ್ಲ. ಅವರ ಬೀದಿಯ ದೀಪ ಏಳು ತಿಂಗಳಿಂದ ಕೆಟ್ಟಿತ್ತಂತೆ. ಅವಳೇ ಅರ್ಜಿ ಬರೆದಳಂತೆ. ಗುಮಾಸ್ತ ಮೂರು ಸಲ ನಾಳೆ ಬಾ ಅಂದನಂತೆ. ನಾಲ್ಕನೇ ಸಲ ನೆರೆಮನೆಯ ಹೆಂಗಸರನ್ನೆಲ್ಲ ಕರೆದೊಯ್ದಳಂತೆ, ದೀಪ ಬಂತಂತೆ. ಎರಡು ಪುಟ. ನಾನು ಅಡ್ಡಗೆರೆ ಎಳೆದು, "ಕಥೆ ಕೇಳಿಲ್ಲ" ಅಂತ ಅಂಚಿನಲ್ಲಿ ಗೀಚಿ ಸೊನ್ನೆ ಸುತ್ತಿದೆ.

ಎರಡು ಅಂಕಕ್ಕೆ ಫೇಲಾದಳು. ಅವರಪ್ಪ ಶಾಲೆ ಬಿಡಿಸಿದ. "ಜ್ವರದ ಮಂಪರಲ್ಲಿ ಒಂದು ಮಗುನ ಹಾಳುಮಾಡ್ದೆ ಮಾವ" ಅಂತ ನೀನು ನನ್ನೆದುರೇ ಅತ್ತೆ. ನಾನು ಬಾಯಿಗೆ ಹೊಲಿಗೆ ಹಾಕಿಕೊಂಡು ಕೂತಿದ್ದೆ.

ಮೊನ್ನೆ ತಡೆಯಲಾರದೆ ನಿಮ್ಮ ಹೆಡ್‌ಮೇಷ್ಟ್ರಿಗೆ ಎಲ್ಲ ಹೇಳಿದೆ. "ಯಜಮಾನ್ರೇ, ವರ್ಷ ಉರುಳಿಹೋಯ್ತು. ಈಗ ಕೆದಕಿದ್ರೆ ಟೀಚರಮ್ಮನ ಕೆಲಸಕ್ಕೇ ಕುತ್ತು, ಆ ಹುಡುಗಿಗೆ ಏನೂ ದಕ್ಕಲ್ಲ" ಅಂದರು. ಅಲ್ಲಿಂದ ಇಸ್ತ್ರಿ ಅಂಗಡಿಗೆ ಹೋಗಿ, ಸೊನ್ನೆ ಸುತ್ತಿದವನು ನಾನೇ ಅಂದೆ. ಅವರಪ್ಪ ನಕ್ಕ: "ಈಗ ಬಂದ್ರಾ ಸ್ವಾಮಿ? ಊಟ ಮುಗಿದ್ಮೇಲೆ ಎಲೆ ಹಾಕ್ದಂಗಾಯ್ತು!" ಹುಡುಗಿ ಮಾತ್ರ ಅಂಗಿಯ ಕಾಲರು ತೀಡುತ್ತಲೇ ಇದ್ದಳು. ಆಮೇಲೆ ಹೇಳಿದಳು: "ಬಿಡಿ ತಾತ, ನಂದೇ ತಪ್ಪು. ಓದಿದ್ದು ಬರೀಬೇಕಿತ್ತು. ನಡೆದಿದ್ದು ಬರೆದ್ಬಿಟ್ಟೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಕಣೇ. ನಾನು ತಪ್ಪಾಗಿ ತಿದ್ದಿದ್ದನ್ನೇ ಅವಳು ಸರಿಯಾಗಿ ಕಲಿತುಬಿಟ್ಟಿದ್ದಾಳೆ.

ನಿನ್ನ ತಲೆಯ ಮೇಲಿನ ಭಾರವಾದರೂ ಇಳಿಯಲಿ ಅಂತ ಇಷ್ಟು ಬರೆದೆ. ಕ್ಷಮಿಸು ಅನ್ನುವುದಿಲ್ಲ, ಅದು ನಿನ್ನೊಬ್ಬಳ ಕೈಲಿಲ್ಲ. ನೂರು ಕಾಲ ಚೆನ್ನಾಗಿರು ಮಗಳೇ. ಇದೇ ಮಾತು ಅವಳಿಗೂ ಹೇಳಬೇಕೆಂದು ಹೋಗಿದ್ದೆ; ಬಾಯಿ ಬರಲಿಲ್ಲ.

ನಿನ್ನ ಮಾವ